ಐದನೆಯ ಸಾಲು ಶಿರಹಟ್ಟಿ ಅಲ್ಲ

1997ರಲ್ಲಿ ಧಾರವಾಡದಿಂದ ಬೇರೆಯಾದ ಗದಗ ಜಿಲ್ಲೆಗೆ ಐದು ತಾಲೂಕುಗಳಿದ್ದವು. ಇಂಗ್ಲಿಷ್ ಅಕ್ಷರಮಾಲೆಯ ಪ್ರಕಾರ ಜೋಡಿಸಿದರೆ ಗದಗ, ಮುಂಡರಗಿ, ನರಗುಂದ, ರೋಣ, ಶಿರಹಟ್ಟಿ. ಸುಮಾರು ಇಪ್ಪತ್ತು ವರ್ಷ ಈ ಪಟ್ಟಿ ಅಲುಗಲಿಲ್ಲ. ಎರಡನೆಯ ಸಾಲು ಅಂದರೆ ಮುಂಡರಗಿ, ಐದನೆಯ ಸಾಲು ಅಂದರೆ ಶಿರಹಟ್ಟಿ. 2018ರಲ್ಲಿ ಶಿರಹಟ್ಟಿಯಿಂದ ಲಕ್ಷ್ಮೇಶ್ವರವೂ ರೋಣದಿಂದ ಗಜೇಂದ್ರಗಡವೂ ಬೇರ್ಪಟ್ಟು ಹೊಸ ತಾಲೂಕುಗಳಾದವು. ಈಗ ಎರಡನೆಯ ಸಾಲು ಗಜೇಂದ್ರಗಡ, ಮೂರನೆಯದು ಲಕ್ಷ್ಮೇಶ್ವರ. ಮುಂಡರಗಿ ನಾಲ್ಕಕ್ಕೆ ಇಳಿದಿದೆ, ಐದರಲ್ಲಿ ನರಗುಂದ ಕೂತಿದೆ, ಶಿರಹಟ್ಟಿ ಏಳನೆಯದು. ಹಳೆಯ ಜಾಗದಲ್ಲೇ ಉಳಿದದ್ದು ಗದಗ ಒಂದೇ. ಪಟ್ಟಿಯನ್ನು ಕನ್ನಡ ಅಕ್ಷರಕ್ರಮದಲ್ಲಿ ಇಟ್ಟರೆ ಅದೂ ಉಳಿಯುವುದಿಲ್ಲ. ‘ದ’ಗಿಂತ ‘ಜ’ ಮೊದಲು ಬರುವುದರಿಂದ ಗಜೇಂದ್ರಗಡ ಮೊದಲಿಗೆ ಬಂದು ಗದಗವನ್ನು ಎರಡಕ್ಕೆ ತಳ್ಳುತ್ತದೆ.

ಈ ಬದಲಾವಣೆಯಲ್ಲಿ ಗುಟ್ಟೇನೂ ಇರಲಿಲ್ಲ. ಬಜೆಟ್ಟಿನಲ್ಲಿ ಘೋಷಣೆಯಾಯಿತು, ಪತ್ರಿಕೆಗಳಲ್ಲಿ ಬಂತು, ಕಚೇರಿಗೆ ಬೋರ್ಡು ಬಿತ್ತು. ಆದರೆ ‘ಐದನೆಯ ಸಾಲು ತೆಗೆದುಕೋ’ ಎಂದು ಯಾರೋ ಒಮ್ಮೆ ಬರೆದಿಟ್ಟು ಹೋದ ಸ್ಕ್ರಿಪ್ಟು ಪತ್ರಿಕೆ ಓದುವುದಿಲ್ಲ. ಅದು ಇವತ್ತಿಗೂ ಐದನೆಯ ಸಾಲನ್ನೇ ತೆಗೆಯುತ್ತದೆ, ನರಗುಂದದ ಮಳೆಯನ್ನು ಶಿರಹಟ್ಟಿಯ ಹೆಸರಿನಡಿ ಇಡುತ್ತದೆ, ಕೆಲಸ ಸರಿಯಾಯಿತೆಂದು ಸೊನ್ನೆ ಸಂಕೇತ ಕೊಟ್ಟು ಮಲಗುತ್ತದೆ. ತಪ್ಪು ಸ್ಕ್ರಿಪ್ಟಿನದಲ್ಲ. ಹಾಗೆ ಬರೆದವರದು, ಬರೆದದ್ದನ್ನು ಕಂಡೂ ಸುಮ್ಮನಿದ್ದವರದು. ಈ ಬರಹ ಅವರಿಗಾಗಿ.

ಕಂಪ್ಯೂಟರಿನ ಕಪ್ಪು ಪರದೆಯನ್ನು ಕಂಡಿರದ ಓದುಗರಿಗೆ ಎರಡು ಮಾತು. ಲಿನಕ್ಸ್ ಸರ್ವರುಗಳಲ್ಲಿ ದಿನನಿತ್ಯದ ಕೆಲಸಗಳನ್ನು ಶೆಲ್ ಸ್ಕ್ರಿಪ್ಟ್ ಎಂಬ ಸಣ್ಣ ಕಡತಗಳಿಗೆ ವಹಿಸುತ್ತಾರೆ. ಒಂದು ಕಮಾಂಡು ಹತ್ತಾರು ಸಾಲು ಬರೆದು ಉಗುಳುತ್ತದೆ. ನಮಗೆ ಬೇಕಾದದ್ದು ಅದರಲ್ಲಿ ಒಂದು ಸಾಲು. ಆ ಒಂದನ್ನು ಆರಿಸಲು ಹೆಡ್, ಟೇಲ್, ಸೆಡ್, ಆಕ್, ಗ್ರೆಪ್ ಎಂಬ ಉಪಕರಣಗಳಿವೆ. ಹೆಡ್ ಮೇಲಿನಿಂದ ಇಷ್ಟು ಸಾಲು ಕೊಡುತ್ತದೆ, ಟೇಲ್ ಕೆಳಗಿನಿಂದ. ಸೆಡ್‌ಗೂ ಆಕ್‌ಗೂ ‘ಇಂಥ ಸಂಖ್ಯೆಯ ಸಾಲು’ ಎಂದು ಹೇಳಬಹುದು, ‘ಇಂಥ ಪದವಿರುವ ಸಾಲು’ ಎಂದೂ ಹೇಳಬಹುದು. ಗ್ರೆಪ್ ಪದ ಹುಡುಕುವುದಕ್ಕೇ ಇದೆ. ಒಂದರ ಬಾಯಿಂದ ಬಂದದ್ದನ್ನು ಇನ್ನೊಂದರ ಕೈಗೆ ಕೊಡುವ ಗೆರೆಯ ಹೆಸರು ಪೈಪ್. ಬೆಲ್ ಲ್ಯಾಬ್ಸ್‌ನಲ್ಲಿ ಡಗ್ ಮ್ಯಾಕಿಲ್ರಾಯ್ 1964ರಿಂದಲೇ ಇದಕ್ಕಾಗಿ ಪಟ್ಟು ಹಿಡಿದಿದ್ದರು. 1973ರಲ್ಲಿ ಕೆನ್ ಥಾಂಪ್ಸನ್ ಅದನ್ನು ಯುನಿಕ್ಸ್‌ಗೆ ಸೇರಿಸಿದರು. ಸೆಡ್ ಬರೆದವರು ಲೀ ಮ್ಯಾಕ್‌ಮೇಹನ್. 1977ರಲ್ಲಿ ಹುಟ್ಟಿದ ಆಕ್, ಅದನ್ನು ಕಟ್ಟಿದ ಅಹೋ, ವೈನ್‌ಬರ್ಗರ್, ಕರ್ನಿಗನ್ ಮೂವರ ಹೆಸರಿನ ಮೊದಲಕ್ಷರಗಳನ್ನು ಹೊತ್ತಿದೆ. ಸಾಲನ್ನು ಅದರ ಗುರುತು ಹಿಡಿದು ಆರಿಸುವ ದಾರಿಯನ್ನು ಇವರೆಲ್ಲ ಮೊದಲ ದಿನವೇ ಕೊಟ್ಟಿದ್ದರು. ನಾವು ಆರಿಸಿಕೊಂಡದ್ದು ಎಣಿಸುವ ದಾರಿಯನ್ನು, ಯಾಕೆಂದರೆ ಅದಕ್ಕೆ ಯೋಚನೆ ಬೇಕಾಗುವುದಿಲ್ಲ.

ಶಿರಹಟ್ಟಿಯ ರೈತ ಉತಾರ ತೆಗೆಸಲು ಹೋದಾಗ ಸರ್ವೆ ನಂಬರು ಹೇಳುತ್ತಾನೆ, ಹಿಸ್ಸಾ ನಂಬರು ಹೇಳುತ್ತಾನೆ. ‘ನಮ್ಮೂರ ಪಟ್ಟಿಯ ಮೂವತ್ತೇಳನೆಯ ಸಾಲು ಕೊಡ್ರಿ’ ಅನ್ನುವುದಿಲ್ಲ. ಅಂದರೆ ಕೌಂಟರಿನಲ್ಲಿ ಕೂತವರು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿಯಾರು. ಆದರೆ ಕಂಪ್ಯೂಟರ್ ಸೈನ್ಸ್ ಓದಿ, ಕೈಯಲ್ಲಿ ಡಿಗ್ರಿ ಹಿಡಿದು ಬಂದವರು ಅದನ್ನೇ ಬರೆದರೆ ಯಾರೂ ಹುಬ್ಬೇರಿಸುವುದಿಲ್ಲ.

ಕೇಳಿದರೆ ಸಿದ್ಧ ಉತ್ತರ ಬರುತ್ತದೆ: ‘ನಡದೈತಿ ಬಿಡ್ರಿ ಸರ. ಹ್ವಾದ ವರ್ಷಾನೂ ಹಿಂಗ ನಡದೈತಿ.’ ಗದಗ-ಬೆಟಗೇರಿಯ ಯಾವ ಕಚೇರಿಗೆ ಹೋದರೂ, ಕಂಪ್ಯೂಟರ್ ಸೆಂಟರಿಗೆ ಹೋದರೂ ಈ ಮಾತು ಕಿವಿಗೆ ಬೀಳುತ್ತದೆ. ಬೆಂಗಳೂರಿನ ಗಾಜಿನ ಕಟ್ಟಡಗಳಲ್ಲಿ ಇದನ್ನೇ ಇಂಗ್ಲಿಷಿನಲ್ಲಿ ಹೇಳುತ್ತಾರೆ, ಅಷ್ಟೇ ವ್ಯತ್ಯಾಸ. ನಡೆದಿದೆ, ನಿಜ. ಆದರೆ ಸರಿಯಾಗಿ ನಡೆದಿದೆಯೋ ಎಂದು ನೋಡಿದವರು ಯಾರು? ಸ್ಕ್ರಿಪ್ಟು ನಿಲ್ಲಲಿಲ್ಲ ಎಂಬುದೊಂದನ್ನೇ ಸಾಕ್ಷಿಯಾಗಿ ಹಿಡಿದು ಫಲಿತಾಂಶಕ್ಕೆ ಸಹಿ ಹಾಕುವುದು ಯಾವ ಸೀಮೆಯ ಲೆಕ್ಕ?

ಈ ಚಟ ಹೇಗೆ ಮೋಸ ಮಾಡುತ್ತದೆ ನೋಡಿ. ಐದನೆಯ ಸಾಲು ಬೇಕೆಂದರೆ ಬಹಳ ಜನ ಬರೆಯುವುದು ಹೀಗೆ: ಹೆಡ್‌ಗೆ ಮೊದಲ ಐದು ಸಾಲು ತೆಗೆಯಲು ಹೇಳಿ, ಅದನ್ನು ಪೈಪಿನಲ್ಲಿ ಟೇಲ್‌ಗೆ ಕೊಟ್ಟು, ಕೊನೆಯ ಒಂದನ್ನು ಇಟ್ಟುಕೊಳ್ಳುವುದು. ಪಟ್ಟಿಯಲ್ಲಿ ಐದೋ ಐವತ್ತೋ ಸಾಲಿದ್ದಾಗ ಇದು ಸರಿ. ಮೂರೇ ಸಾಲಿದ್ದರೆ? ಹೆಡ್ ಇದ್ದ ಮೂರನ್ನೂ ಕೊಡುತ್ತದೆ, ಟೇಲ್ ಅದರ ಕೊನೆಯದನ್ನು ಕೊಡುತ್ತದೆ. ನಿಮ್ಮ ಕೈಗೆ ಮೂರನೆಯ ಸಾಲು ಬಂತು, ಐದನೆಯದರ ವೇಷ ಹಾಕಿಕೊಂಡು. ಎಪಿಎಂಸಿಗಳ ದರಪಟ್ಟಿಯನ್ನು ಹೀಗೆ ಓದುವ ಸ್ಕ್ರಿಪ್ಟೊಂದನ್ನು ಊಹಿಸಿಕೊಳ್ಳಿ. ಆವಕ ಇದ್ದ ಪೇಟೆಗಳ ಸಾಲು ಮಾತ್ರ ಪಟ್ಟಿಯಲ್ಲಿ ಬರುತ್ತದೆ. ಅಮಾವಾಸ್ಯೆಯೆಂದು ಲಕ್ಷ್ಮೇಶ್ವರವೂ ಸೇರಿ ಎರಡು ಕಡೆ ವ್ಯಾಪಾರ ನಿಂತರೆ ಐದು ಸಾಲುಗಳು ಮೂರಕ್ಕೆ ಇಳಿಯುತ್ತವೆ. ಅವತ್ತು ಲಕ್ಷ್ಮೇಶ್ವರದ ಶೇಂಗಾ ದರ ಎಂದು ಮೊಬೈಲಿಗೆ ಹೋಗುವ ಸಂದೇಶದಲ್ಲಿ ಇರುವುದು ಬೇರೆ ಯಾವುದೋ ಪೇಟೆಯದು. ಎರಡು ಪೇಟೆಗಳ ದರ ಹತ್ತಿರಹತ್ತಿರ ಇರುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಸೊನ್ನೆ ಬಂದಿದ್ದರೆ ರೈತನೇ ಫೋನು ಮಾಡಿ ಬೈಯುತ್ತಿದ್ದ. ನಂಬುವಂತಿರುವ ತಪ್ಪು ಅಂಕಿ ಬಂದಾಗ ಚೀಲ ಹೇರಿಕೊಂಡು ಟ್ರ್ಯಾಕ್ಟರ್ ಹೊರಟುಬಿಡುತ್ತದೆ.

ಅದೇ ಕೆಲಸವನ್ನು ಸೆಡ್‌ಗೆ ‘ಐದನೆಯ ಸಾಲು ಮಾತ್ರ ಮುದ್ರಿಸು’ ಎಂದು ಹೇಳಿ ಮಾಡಿಸಿದರೆ, ಮೂರೇ ಸಾಲಿದ್ದ ದಿನ ಅದು ಏನನ್ನೂ ಕೊಡುವುದಿಲ್ಲ. ಖಾಲಿ. ಇದು ಸ್ವಲ್ಪ ವಾಸಿ. ಆದರೆ ಖಾಲಿ ಕೊಟ್ಟಾಗಲೂ ಸೆಡ್ ‘ಯಶಸ್ವಿ’ ಎಂದೇ ಹೇಳುತ್ತದೆ. ಗ್ರೆಪ್ ಮಾತ್ರ ಹುಡುಕಿದ್ದು ಸಿಗದಿದ್ದರೆ ಒಂದು ಎಂಬ ಸಂಕೇತ ಕೊಟ್ಟು ಸೋಲನ್ನು ಒಪ್ಪಿಕೊಳ್ಳುತ್ತದೆ. ಇನ್ನೂ ಒಂದು ಮೋಸವಿದೆ. ಪೈಪಿನಲ್ಲಿ ನಾಲ್ಕು ಕಮಾಂಡು ಜೋಡಿಸಿದಾಗ ಒಟ್ಟು ಫಲಿತಾಂಶ ಎಂದು ಶೆಲ್ ನೋಡುವುದು ಕೊನೆಯವನ ಮುಖವನ್ನು ಮಾತ್ರ. ಮೊದಲನೆಯ ಕಮಾಂಡು ಸರ್ವರಿಗೆ ತಲುಪಲಾಗದೆ ಬಿದ್ದು ಸತ್ತಿದ್ದರೂ, ಕೊನೆಯ ಟೇಲ್ ಖಾಲಿಯನ್ನು ಓದಿ, ಖಾಲಿಯನ್ನು ಬರೆದು, ‘ಎಲ್ಲ ಚೆನ್ನಾಗಿದೆ’ ಅನ್ನುತ್ತದೆ. ಬ್ಯಾಶ್ ಎಂಬ ಶೆಲ್‌ನಲ್ಲಿ ಪೈಪ್‌ಫೇಲ್ ಎಂಬ ಆಯ್ಕೆ ಇಟ್ಟಿರುವುದು ಇದಕ್ಕೇ. ಅದನ್ನು ಹಾಕಿಕೊಂಡರೆ ನಡುವೆ ಯಾರು ಬಿದ್ದರೂ ಗೊತ್ತಾಗುತ್ತದೆ. ನಮ್ಮವರು ಅದನ್ನು ಒಮ್ಮೆ ಹಾಕುತ್ತಾರೆ. ತನಗೆ ಬೇಕಾದ ಸಾಲು ಸಿಕ್ಕೊಡನೆ ಹೆಡ್ ಬಾಗಿಲು ಮುಚ್ಚುವುದರಿಂದ ಹಿಂದಿನ ಕಮಾಂಡು ಮುರಿದು 141 ಎಂಬ ಸಂಕೇತ ಬರುತ್ತದೆ. ಅದೇಕೆ ಬಂತು ಎಂದು ಓದುವಷ್ಟು ತಾಳ್ಮೆಯಿಲ್ಲದೆ ಆಯ್ಕೆಯನ್ನೇ ಅಳಿಸಿಹಾಕುತ್ತಾರೆ. ಹೊಗೆ ಬಂತೆಂದು ಅಲಾರಮ್ಮನ್ನು ಕಿತ್ತೆಸೆದವರ ಬುದ್ಧಿಗೂ ಇದಕ್ಕೂ ಏನು ಅಂತರ ಎಂದು ನನಗೆ ತಿಳಿದಿಲ್ಲ.

ತಾಲೂಕು ಪಟ್ಟಿ ಬದಲಾಗುವುದು ಅಪರೂಪ, ಕಮಾಂಡುಗಳ ಔಟ್‌ಪುಟ್ ಬದಲಾಗುವುದಿಲ್ಲ ಎಂದು ವಾದಿಸುವವರಿದ್ದಾರೆ. ಅವರು ಫ್ರೀ ಎಂಬ ಕಮಾಂಡಿನ ಕತೆ ಕೇಳಬೇಕು. ಸರ್ವರಿನಲ್ಲಿ ಎಷ್ಟು ಮೆಮೊರಿ ಬಳಕೆಯಾಗಿದೆ ಎಂದು ತೋರಿಸುವ ಈ ಕಮಾಂಡು ವರ್ಷಾನುಗಟ್ಟಲೆ ನಾಲ್ಕು ಸಾಲು ಬರೆಯುತ್ತಿತ್ತು: ತಲೆಬರಹ, ಮೆಮೊರಿ, ಬಫರ್-ಕ್ಯಾಶ್ ಕಳೆದ ಲೆಕ್ಕ, ಸ್ವಾಪ್ (ಮೆಮೊರಿ ಸಾಲದಿದ್ದಾಗ ಬಳಸುವ ಡಿಸ್ಕಿನ ಜಾಗ). ಲಿನಕ್ಸ್ ಖಾಲಿ ಇರುವ ಮೆಮೊರಿಯನ್ನೂ ಕಡತಗಳ ನೆನಪಿಗೆ ಬಳಸಿಕೊಳ್ಳುವುದರಿಂದ ಎರಡನೆಯ ಸಾಲಿನ ಅಂಕಿ ಯಾವಾಗಲೂ ಹೆದರಿಸುವಂತಿರುತ್ತಿತ್ತು; ನಿಜವಾದ ಲೆಕ್ಕ ಮೂರನೆಯ ಸಾಲಿನಲ್ಲಿರುತ್ತಿತ್ತು. ಬಲ್ಲವರು ಮೂರನೆಯ ಸಾಲು ನೋಡಿ ಎಂದರು. ಕೇಳಿದವರು ‘ಮೂರನೆಯ ಸಾಲು, ನಾಲ್ಕನೆಯ ಕಾಲಂ’ ಎಂದು ಸ್ಕ್ರಿಪ್ಟಿನಲ್ಲಿ ಕೊರೆದಿಟ್ಟರು. 2014ರಲ್ಲಿ ಫ್ರೀ ಸೇರಿರುವ ಪ್ರೊಕ್‌ಪಿಎಸ್-ಎನ್‌ಜಿ ಪ್ಯಾಕೇಜಿನ 3.3.10 ಆವೃತ್ತಿ ಬಂದಾಗ ಆ ಸಾಲನ್ನೇ ತೆಗೆದುಹಾಕಿ, ಮೆಮೊರಿ ಸಾಲಿನ ಕೊನೆಗೆ ‘ಲಭ್ಯ’ ಎಂಬ ಕಾಲಂ ಸೇರಿಸಿದರು. ಅಲ್ಲಿಂದ ಮೂರನೆಯ ಸಾಲು ಅಂದರೆ ಸ್ವಾಪ್. ನಾಲ್ಕನೆಯ ಕಾಲಂ ಅಂದರೆ ಖಾಲಿ ಇರುವ ಸ್ವಾಪ್.

ಇದರ ಅರ್ಥವೇನು ಎಂದು ಬಿಡಿಸಿ ನೋಡಿ. ಸರ್ವರಿನಲ್ಲಿ ನಾಲ್ಕು ಜಿಬಿ ಸ್ವಾಪ್ ಇದ್ದು ಅದನ್ನು ಯಾರೂ ಮುಟ್ಟಿಲ್ಲವಾದರೆ, ಸ್ಕ್ರಿಪ್ಟು ಹಗಲೂ ರಾತ್ರಿ ‘ನಾಲ್ಕು ಜಿಬಿ ಖಾಲಿ ಇದೆ’ ಅನ್ನುತ್ತದೆ. ಬಳಕೆಯ ಕಾಲಂ ಓದುವ ಸ್ಕ್ರಿಪ್ಟಾದರೆ ‘ಬಳಕೆ ಸೊನ್ನೆ’ ಅನ್ನುತ್ತದೆ. ನಿಜವಾದ ಮೆಮೊರಿ ಬತ್ತುತ್ತಿರುವಾಗಲೂ ಎಚ್ಚರಿಕೆಯ ಗಂಟೆ ಬಾರಿಸುವುದಿಲ್ಲ. ಸೆಂಟ್ ಓಎಸ್ 6ರಿಂದ 7ಕ್ಕೆ ದಾಟಿದ ಸರ್ವರುಗಳೆಲ್ಲ ಈ ಗಡಿಯನ್ನು ದಾಟಿದವು. ಸ್ಕ್ರಿಪ್ಟುಗಳನ್ನು ಹಾಗೇ ಕಾಪಿ ಮಾಡಿಕೊಂಡು ಹೋದವರು ಎಷ್ಟು ಮಂದಿಯೋ. ‘ಹಳೇದ ಹಾಕ್ರಿ, ಅದು ಚಲೋ ನಡೀತಿತ್ತು’ ಎಂಬ ಆಜ್ಞೆಯೇ ಅದಕ್ಕೆ ಸಾಕು.

ಲಿನಕ್ಸಿನ ತಿರುಳಾದ ಕರ್ನಲ್ಲಿನಲ್ಲೂ ಇದೇ ಆಯಿತು. ಮೆಮೊರಿಯ ವಿವರ ಬರೆದಿಡುವ ಪ್ರೊಕ್ ಮೆಮ್‌ಇನ್ಫೋ ಕಡತದ ಮೂರನೆಯ ಸಾಲು ಮೊದಲು ಬಫರ್ಸ್ ಆಗಿತ್ತು, 2014ರ 3.14 ಕರ್ನಲ್ಲಿನಿಂದ ಆ ಜಾಗಕ್ಕೆ ಮೆಮ್‌ಅವೈಲಬಲ್ ಬಂತು. ‘ಮೆಮ್‌ಅವೈಲಬಲ್’ ಎಂದು ಹೆಸರು ಹಿಡಿದು ಹುಡುಕುವವರಿಗೆ ಹೊಸ ಸವಲತ್ತು ಸಿಕ್ಕಿತು. ಮೂರು ಎಂದು ಎಣಿಸಿದವರು ಬೇರೆಯದೇ ಅಂಕಿಯನ್ನು ಹಳೆಯ ಹೆಸರಿನಲ್ಲಿ ಹೊತ್ತು ತಿರುಗಿದರು.

ಡಿಸ್ಕ್ ಎಷ್ಟು ತುಂಬಿದೆ ಎಂದು ಹೇಳುವ ಡಿಎಫ್‌ನ ಹಳೆಯ ಆವೃತ್ತಿಗಳಲ್ಲಿ ಡಿಸ್ಕಿನ ಹೆಸರು ಉದ್ದವಾದರೆ ಒಂದು ಸಾಲು ಎರಡಾಗಿ ಮಡಚಿಕೊಳ್ಳುತ್ತಿತ್ತು. ಎರಡನೆಯ ಸಾಲಿನಲ್ಲಿ ಬರೀ ಹೆಸರು, ಅಂಕಿಗಳೆಲ್ಲ ಮೂರನೆಯದರಲ್ಲಿ. ಹಾಗಾಗದಿರಲೆಂದೇ ದೊಡ್ಡಕ್ಷರದ ‘ಪಿ’ ಆಯ್ಕೆ ಇದೆ, ಪಾಸಿಕ್ಸ್ ಮಾನದಂಡವೇ ಅದನ್ನು ಹೇಳಿದೆ. ಒಂದಕ್ಷರ ಹೆಚ್ಚು ಟೈಪ್ ಮಾಡಬೇಕು, ಅಷ್ಟೇ. ನೆಟ್‌ವರ್ಕಿನ ವಿವರ ತೋರಿಸುವ ಐಎಫ್‌ಕಾನ್ಫಿಗ್‌ನ ಮಾತು ಬೇಡ. ಅದು ಬರೆಯುವ ರೀತಿಯೂ ಬದಲಾಯಿತು, ಅನೇಕ ಕಡೆ ಅದೇ ಕಾಣೆಯಾಯಿತು.

ಇನ್ನು ‘ನಾವು ಸಾಲಿನ ಸಂಖ್ಯೆ ಬಳಸುವುದಿಲ್ಲ, ಹೆಸರನ್ನೇ ಹುಡುಕುತ್ತೇವೆ’ ಎಂದು ಬೆನ್ನು ತಟ್ಟಿಕೊಳ್ಳುವವರ ಸರದಿ. ನಿಮ್ಮ ಸೋಮಾರಿತನ ಇನ್ನೂ ಸೂಕ್ಷ್ಮವಾದದ್ದು. ಗ್ರೆಪ್‌ಗೆ ‘ಗದಗ’ ಎಂದು ಕೊಟ್ಟಿದ್ದೀರಿ. ಜಿಲ್ಲೆಯ ಹೆಸರೂ ಗದಗ, ತಾಲೂಕಿನ ಹೆಸರೂ ಗದಗ, ನಗರಸಭೆ ಗದಗ-ಬೆಟಗೇರಿ. ಜಿಲ್ಲೆಯ ಕಾಲಂ ಇರುವ ಪಟ್ಟಿಯಲ್ಲಿ ಏಳೂ ಸಾಲುಗಳು ಮೇಲೆದ್ದು ಬರುತ್ತವೆ. ಬಂದಾಗ ನೀವು ಮಾಡಿದ್ದೇನು? ಕೊನೆಗೆ ಹೆಡ್ ಒಂದನ್ನು ಸಿಕ್ಕಿಸಿ, ಮೊದಲ ಸಾಲು ಇಟ್ಟುಕೊಂಡು, ಮಿಕ್ಕ ಆರನ್ನು ಎಸೆದಿರಿ. ಏಳು ಉತ್ತರ ಬಂದದ್ದು ನಿಮ್ಮ ಪ್ರಶ್ನೆ ಸರಿಯಿಲ್ಲವೆಂದು ಹೇಳುತ್ತಿತ್ತು. ನೀವು ಅದರ ಬಾಯಿಗೆ ಬಟ್ಟೆ ತುರುಕಿದಿರಿ. ಗ್ರೆಪ್ ಮಾಡಿ ಹೆಡ್‌ಗೆ ಕೊಡುವ ಈ ಜೋಡಿಯನ್ನು ಕಂಡಾಗಲೆಲ್ಲ ನನಗೆ ಬರೆದವರ ಮೇಲೆ ಸಿಟ್ಟು ಬರುತ್ತದೆ. ಎಣಿಸುವವರಿಗೆ ಗೊತ್ತಿಲ್ಲ ಎಂದಾದರೂ ಅನ್ನಬಹುದು. ಇವರಿಗೆ ಒಂದಕ್ಕಿಂತ ಹೆಚ್ಚು ಸಾಲು ಬಂದದ್ದು ಕಣ್ಣಿಗೆ ಕಂಡಿತ್ತು.

‘ರೋಣ’ ಎಂದು ಹುಡುಕಿದರೆ ‘ದ್ರೋಣ’ವೂ ಸಿಗುತ್ತದೆ. ಕಣ್ಣಿಗೆ ‘ದ್ರೋ’ ಒಂದೇ ಅಕ್ಷರ. ಕಂಪ್ಯೂಟರಿಗೆ ಅದು ದ, ಹಲಂತ, ರ, ಓತ್ವ ಎಂಬ ನಾಲ್ಕು ತುಣುಕು, ಕೊನೆಯ ಎರಡು ನಿಮ್ಮ ರೋಣದ ಆರಂಭವೇ. ಕಾಲಂ ಪೂರ್ತಿ ಹೊಂದಬೇಕು ಎಂದು ಹೇಳದಿದ್ದರೆ ಹೀಗೇ ಆಗುವುದು. ಇಂಗ್ಲಿಷಿನಲ್ಲಿ ಬರೆದರೆ ಪಾರಾದೆವು ಎಂದುಕೊಳ್ಳಬೇಡಿ. ಲಕ್ಷ್ಮೇಶ್ವರವನ್ನು ಒಂದು ಇಲಾಖೆ ‘ಕೆ-ಎಸ್-ಎಚ್’ ಹಾಕಿ ಬರೆಯುತ್ತದೆ, ಇನ್ನೊಂದು ‘ಎಕ್ಸ್’ ಹಾಕಿ. ಮುಂಡರಗಿಯ ನಡುವಿನ ‘ಎ’ ಒಂದು ಕಡೆ ಇದೆ, ಒಂದು ಕಡೆ ಇಲ್ಲ. ಶಿರಹಟ್ಟಿಗೂ ಅದೇ ಪಾಡು. ಗದಗ-ಬೆಟಗೇರಿಯ ನಡುವೆ ಅಡ್ಡಗೆರೆ ಇದ್ದರೆ ಆಕ್ ಅದನ್ನು ಒಂದೇ ಕಾಲಂ ಎಂದು ತಿಳಿಯುತ್ತದೆ; ಜಾಗ ಬಿಟ್ಟು ಬರೆದಿದ್ದರೆ ಎರಡು ಕಾಲಂ. ಆ ಒಂದು ಸಾಲಿನಲ್ಲಿ ಮಾತ್ರ ಎಲ್ಲ ಅಂಕಿಗಳೂ ಒಂದು ಮನೆ ಬಲಕ್ಕೆ ಸರಿದು, ಮನೆಗಳ ಸಂಖ್ಯೆಯ ಜಾಗದಲ್ಲಿ ವಾರ್ಡುಗಳ ಸಂಖ್ಯೆ ಬಂದು ಕೂರುತ್ತದೆ.

ವಿಂಡೋಸ್‌ನಲ್ಲಿ ತಯಾರಾದ ಕಡತದ ಪ್ರತಿ ಸಾಲಿನ ಕೊನೆಗೂ ಕಣ್ಣಿಗೆ ಕಾಣದ ಒಂದು ಗುರುತು ಅಂಟಿಕೊಂಡಿರುತ್ತದೆ. ಸಾಲಿನ ಕೊನೆಯಲ್ಲಿರುವ ‘ಮುಂಡರಗಿ’ ಆಗ ‘ಮುಂಡರಗಿ’ಗೆ ಸಮನಾಗುವುದಿಲ್ಲ. ಹಳೆಯ ನುಡಿ ಫಾಂಟಿನ ಕಡತಗಳಲ್ಲಿ ಕನ್ನಡದಂತೆ ಕಾಣುವುದು ಒಳಗೆ ರೋಮನ್ ಅಕ್ಷರ, ಚಿಹ್ನೆಗಳ ರಾಶಿ. ಯೂನಿಕೋಡ್ ಪದ ಹಾಕಿ ಎಷ್ಟು ಹುಡುಕಿದರೂ ಸಿಗದು. ಜಿಲ್ಲೆಯ ಕಚೇರಿಗಳಲ್ಲಿ ಕೆಲಸ ಮಾಡುವ ಡೇಟಾ ಎಂಟ್ರಿಯವರಿಗೆ ಇದೆಲ್ಲ ಅಂಗೈ ಮೇಲಿನ ಗೆರೆಯಷ್ಟು ಪರಿಚಿತ. ಸ್ಕ್ರಿಪ್ಟು ಬರೆಯುವ ‘ಟೆಕ್ನಿಕಲ್’ ಜನ ಅವರನ್ನು ಒಂದು ಮಾತು ಕೇಳುವುದಿಲ್ಲ, ಅದೇ ಸಮಸ್ಯೆ.

ಅಕ್ಷರ ಎಣಿಸಿ ಕತ್ತರಿಸುವವರ ವಿಷಯ ಇನ್ನೂ ಕೆಟ್ಟದ್ದು. ಯೂನಿಕೋಡಿನ ಯುಟಿಎಫ್-8 ರೂಪದಲ್ಲಿ ಕನ್ನಡದ ಒಂದೊಂದು ಗುರುತಿಗೂ ಮೂರು ಬೈಟ್. ‘ಗದಗ’ ಒಂಬತ್ತು ಬೈಟ್. ‘ಲಕ್ಷ್ಮೇಶ್ವರ’ದಲ್ಲಿ ಹನ್ನೊಂದು ಗುರುತುಗಳು, ಮೂವತ್ಮೂರು ಬೈಟ್. ಕಟ್ ಎಂಬ ಕಮಾಂಡು ಬಹುಕಾಲ ‘ಅಕ್ಷರ’ ಎಂದರೂ ಬೈಟನ್ನೇ ಎಣಿಸಿದೆ. ಮೊದಲ ಹತ್ತನ್ನು ಕೊಡು ಎಂದರೆ ‘ಲಕ್’ ಎಂದು ಒಂಬತ್ತು ಬೈಟ್ ಕೊಟ್ಟು, ಮುಂದಿನ ಗುರುತಿನ ಮೂರರಲ್ಲಿ ಒಂದು ಪಾಲನ್ನು ಮುರಿದು ಎಸೆಯುತ್ತದೆ. ಆ ಮುರುಕು ಪ್ರಶ್ನಾರ್ಥಕ ಚಿಹ್ನೆಯಾಗಿ ವರದಿಯಲ್ಲಿ ಅಚ್ಚಾಗುತ್ತದೆ. ‘ಕನ್ನಡದಾಗ ಹಿಂಗ ಪ್ರಾಬ್ಲೆಮ್ ಬರ್ತೈತ್ರಿ, ಇಂಗ್ಲಿಷಿನಾಗ ಮಾಡೂಣು’ ಎಂದು ಮೇಲಿನವರಿಗೆ ವರದಿ ಹೋಗುತ್ತದೆ. ತಾವು ಬೈಟ್ ಕತ್ತರಿಸಿದ್ದಕ್ಕೆ ಭಾಷೆಯನ್ನು ಕಟಕಟೆಯಲ್ಲಿ ನಿಲ್ಲಿಸುವ ಈ ಚಾಳಿಯನ್ನು ನಾನು ಕ್ಷಮಿಸಲಾರೆ. ತಾಲೂಕಿನ ಹೆಸರನ್ನು ಆ ಊರಿನ ಲಿಪಿಯಲ್ಲಿ ಬರೆಯಲಾರದ ವರದಿ ಲಕ್ಷ್ಮೇಶ್ವರದಲ್ಲಿ ಯಾರಿಗೆ ಬೇಕು?

ಹಾಗಾದರೆ ಏನು ಮಾಡಬೇಕು ಎಂದು ಕೇಳುವಿರಿ. ಕೇಳಿದ್ದಕ್ಕೆ ಸಂತೋಷ, ಯಾಕೆಂದರೆ ಉತ್ತರ ಎಲ್ಲರಿಗೂ ಗೊತ್ತಿರುವುದೇ. ಸಾಲಿಗೆ ಒಂದು ಗುರುತಿನ ಸಂಖ್ಯೆ ಇದ್ದರೆ ಅದನ್ನು ಹಿಡಿಯಿರಿ. 2011ರ ಜನಗಣತಿಯಲ್ಲಿ ಕರ್ನಾಟಕಕ್ಕೆ 29, ಗದಗ ಜಿಲ್ಲೆಗೆ 561 ಎಂಬ ಸಂಕೇತಗಳಿವೆ. ತಾಲೂಕಿಗೂ ಗ್ರಾಮಕ್ಕೂ ಪ್ರತ್ಯೇಕ ಸಂಕೇತಗಳಿವೆ. ಕೇಂದ್ರ ಪಂಚಾಯತ್ ರಾಜ್ ಸಚಿವಾಲಯದ ಲೋಕಲ್ ಗವರ್ನಮೆಂಟ್ ಡೈರೆಕ್ಟರಿ ತನ್ನದೇ ಸಂಕೇತಗಳನ್ನು ಕೊಟ್ಟಿದೆ. ಎರಡೂ ಬೇರೆಬೇರೆ, ಒಂದರ ಜಾಗದಲ್ಲಿ ಇನ್ನೊಂದನ್ನು ಹಾಕಬಾರದು. ಸಂಕೇತ ಇಲ್ಲದ ಪಟ್ಟಿಯಾದರೆ ತಲೆಬರಹ ಓದಿ, ಹೆಸರಿನ ಕಾಲಂ ಯಾವುದೆಂದು ಸ್ಕ್ರಿಪ್ಟಿನಿಂದಲೇ ಪತ್ತೆ ಮಾಡಿಸಿ, ಆ ಕಾಲಂ ಪೂರ್ತಿಯಾಗಿ ಹೊಂದುವ ಸಾಲನ್ನು ಮಾತ್ರ ಎತ್ತಿಕೊಳ್ಳಿ. ಎಷ್ಟು ಸಾಲು ಹೊಂದಿದವು ಎಂದು ಎಣಿಸಿ. ಒಂದು ಬಂದರೆ ಮುಂದೆ ಹೋಗಿ. ಸೊನ್ನೆ ಬಂದರೂ ಎರಡು ಬಂದರೂ ಸ್ಕ್ರಿಪ್ಟು ನಿಲ್ಲಬೇಕು, ಏಕೆ ನಿಂತಿತೆಂದು ಬರೆಯಬೇಕು, ಸೊನ್ನೆಯಲ್ಲದ ಸಂಕೇತ ಕೊಡಬೇಕು. ಎಣಿಕೆಗೆ ಯೋಗ್ಯವಾದ ಕೆಲಸ ಇಲ್ಲಿದೆ. ಅದನ್ನು ಬಿಟ್ಟು ಬೇರೆಲ್ಲ ಎಣಿಸುತ್ತೀರಿ.

ಕಮಾಂಡುಗಳ ವಿಷಯದಲ್ಲಿ ಇನ್ನೂ ಸುಲಭ. ಮನುಷ್ಯರು ಓದಲೆಂದು ಬರೆದ ಔಟ್‌ಪುಟ್ ಬೇರೆ, ಯಂತ್ರಕ್ಕೆಂದು ಬರೆದದ್ದು ಬೇರೆ. ಡಿಎಫ್‌ಗೆ ಬೇಕಾದ ಕಾಲಂ ಹೆಸರಿಸಿ ಕೇಳುವ ಆಯ್ಕೆ ಇದೆ. ಎಲ್‌ಎಸ್‌ಬ್ಲಾಕ್‌ಗೂ ಐಪಿ ಕಮಾಂಡಿಗೂ ಜೇಸನ್ ರೂಪದಲ್ಲಿ ಬರೆಯಲು ಹೇಳಬಹುದು. ಜೆಕ್ಯೂ ಎಂಬ ಉಪಕರಣದಿಂದ ಅದನ್ನು ಹೆಸರು ಹಿಡಿದು ಓದಬಹುದು. ಯಾವ ಪ್ರೊಸೆಸ್ ಓಡುತ್ತಿದೆ ಎಂದು ನೋಡಲು ಪಿಎಸ್ ಓಡಿಸಿ ಗ್ರೆಪ್ ಮಾಡಿ, ಆ ಗ್ರೆಪ್ಪೇ ಪಟ್ಟಿಯಲ್ಲಿ ಕಂಡಾಗ ಅದನ್ನು ತೆಗೆಯಲು ಇನ್ನೊಂದು ಗ್ರೆಪ್ ಹಾಕುವ ಸರ್ಕಸ್ಸು ಬೇಡ, ಪಿಗ್ರೆಪ್ ಇದೆ. ಸ್ಕ್ರಿಪ್ಟಿನ ತಲೆಗೇ ಭಾಷೆಯ ಪರಿಸರವನ್ನು ಸ್ಪಷ್ಟವಾಗಿ ಹೇಳಿಬಿಡಿ; ಇಲ್ಲವಾದರೆ ನಿಮ್ಮ ಲ್ಯಾಪ್‌ಟಾಪಿನಲ್ಲಿ ಒಂದು ಕ್ರಮದಲ್ಲಿ ಜೋಡಣೆಯಾದದ್ದು ಸರ್ವರಿನಲ್ಲಿ ಇನ್ನೊಂದು ಕ್ರಮದಲ್ಲಿ ಬರುತ್ತದೆ. ಇದಾವುದೂ ಹೊಸ ವಿದ್ಯೆಯಲ್ಲ, ದುಡ್ಡು ಕೊಟ್ಟು ಕಲಿಯುವಂಥದ್ದೂ ಅಲ್ಲ. ಮ್ಯಾನ್ ಎಂದು ಟೈಪ್ ಮಾಡಿದರೆ ಬರುವ ಕೈಪಿಡಿಯಲ್ಲಿ ಎಲ್ಲ ಬರೆದಿದೆ. ಅದನ್ನು ಓದದೆ, ಎಲ್ಲಿಂದಲೋ ಎತ್ತಿ ತಂದ ಸಾಲನ್ನು ಅಂಟಿಸಿ, ‘ಬರಾಕತ್ತೈತಿ’ ಎಂದು ಎದ್ದು ಚಹಾಕ್ಕೆ ಹೋಗುವುದು ಕೆಲಸವೆನಿಸಿಕೊಳ್ಳದು.

ಬೇಗ ಮುಗಿಸಬೇಕಿತ್ತು, ಮೇಲಿನವರ ಒತ್ತಡ ಇತ್ತು ಅನ್ನುತ್ತಾರೆ. ಒತ್ತಡ ಇರುತ್ತದೆ, ಒಪ್ಪಿದೆ. ಒಂದೇ ಸಲ ಓಡಿಸಿ ಬಿಸಾಡುವ ಕೆಲಸಕ್ಕೆ, ಕಣ್ಣೆದುರೇ ಔಟ್‌ಪುಟ್ ಇದ್ದಾಗ, ಐದನೆಯ ಸಾಲು ಎಂದು ಟೈಪ್ ಮಾಡಿದರೆ ನಾನೇನೂ ಅನ್ನುವುದಿಲ್ಲ. ಕಣ್ಣೇ ಅಲ್ಲಿ ಕಾವಲು. ಆದರೆ ಅದೇ ಸಾಲನ್ನು ಎತ್ತಿ, ಗೊತ್ತಾದ ಹೊತ್ತಿಗೆ ಕೆಲಸ ಓಡಿಸುವ ಕ್ರಾನ್‌ಗೆ ಹಾಕಿ, ದಿನಾ ನಸುಕಿನ ಮೂರು ಗಂಟೆಗೆ ಯಾರೂ ನೋಡದ ಹೊತ್ತಿನಲ್ಲಿ ಓಡಲು ಬಿಟ್ಟ ಕ್ಷಣ ಅದರ ಸ್ವರೂಪ ಬದಲಾಯಿತು. ಈ ವ್ಯತ್ಯಾಸ ಗೊತ್ತಿಲ್ಲದವರ ಕೈಗೆ ಸರ್ವರಿನ ಪಾಸ್‌ವರ್ಡ್ ಕೊಟ್ಟ ಅಧಿಕಾರಿಯೂ ಇದರಲ್ಲಿ ಪಾಲುದಾರ. ‘ರಿಪೋರ್ಟ್ ಬಂತಾ?’ ಎಂದು ದಿನಾ ಕೇಳುವವರು ‘ರಿಪೋರ್ಟಿನ ಶಿರಹಟ್ಟಿ ಅಂಕಿ ಶಿರಹಟ್ಟಿಯದೇ ಹೌದಾ?’ ಎಂದು ವರ್ಷಕ್ಕೊಮ್ಮೆಯಾದರೂ ಕೇಳಬೇಡವೇ? ಮೂಲ ಪಟ್ಟಿ ಎದುರಿಗಿಟ್ಟುಕೊಂಡು ಏಳು ಸಾಲು ತಾಳೆ ನೋಡಲು ಐದು ನಿಮಿಷ ಸಾಕು.

ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿತೆಂದು ಈ ಜಿಲ್ಲೆ ಎದೆಯುಬ್ಬಿಸಿ ಹೇಳಿಕೊಳ್ಳುತ್ತದೆ. ಹೇಳಿಕೊಳ್ಳಲಿ, ತಕ್ಕದ್ದೇ. ಆದರೆ ಪತ್ತು ಅಂದರೆ ನಂಬಿಕೆ, ಆ ನಂಬಿಕೆ ನಿಂತದ್ದು ಯಾರ ಸಾಲ ಯಾರ ಖಾತೆಯಲ್ಲಿ ಎಂಬ ಲೆಕ್ಕದ ಮೇಲೆ. ಖತಾವಣಿಯಲ್ಲಿ ಒಬ್ಬ ಸದಸ್ಯನ ಸಾಲವನ್ನು ಅವನ ಕೆಳಗಿನವನ ಹೆಸರಿಗೆ ಬರೆದ ಕಾರಕೂನನನ್ನು ಯಾವ ಸಂಘ ಇಟ್ಟುಕೊಳ್ಳುತ್ತದೆ? ಅದೇ ತಪ್ಪನ್ನು ರಾತ್ರಿ ಕ್ರಾನ್ ಮಾಡಿದರೆ ‘ಸಿಸ್ಟಮ್ ಎರರ್’ ಎಂಬ ಗೌರವದ ಹೆಸರು ಸಿಗುತ್ತದೆ.

2011ರ ಜನಗಣತಿಯ ಕೋಷ್ಟಕಗಳಲ್ಲಿ ಗದಗ ಜಿಲ್ಲೆಗೆ ಐದೇ ತಾಲೂಕು. ಲಕ್ಷ್ಮೇಶ್ವರದ ಜನ ಶಿರಹಟ್ಟಿಯ ಲೆಕ್ಕದಲ್ಲಿ, ಗಜೇಂದ್ರಗಡದವರು ರೋಣದ ಲೆಕ್ಕದಲ್ಲಿ. ಆ ಐದು ಸಾಲಿನ ಪಕ್ಕಕ್ಕೆ ಇಂದಿನ ಏಳು ಸಾಲಿನ ಮಳೆಯನ್ನೋ ಪಡಿತರ ಚೀಟಿಯನ್ನೋ ತಂದು, ಸಾಲಿಗೆ ಸಾಲು ಅಂಟಿಸುವ ಪೇಸ್ಟ್ ಕಮಾಂಡಿನಿಂದ ಜೋಡಿಸಿದರೆ ಆಗುವ ಅನಾಹುತವನ್ನು ಬಿಡಿಸಿ ಹೇಳಬೇಕಾಗಿಲ್ಲ. ವಿಧಾನಸಭಾ ಕ್ಷೇತ್ರಗಳು ನಾಲ್ಕೇ: ಗದಗ, ರೋಣ, ನರಗುಂದ, ಶಿರಹಟ್ಟಿ. ಅದನ್ನೂ ಪಕ್ಕಕ್ಕೆ ಅಂಟಿಸುವ ಧೀರರಿದ್ದಾರೆ. ಮುಂದಿನ ಜನಗಣತಿಗೆ 2027ರ ಮಾರ್ಚ್ 1 ಆಧಾರ ದಿನವೆಂದು ಅಧಿಸೂಚನೆ ಬಂದಾಗಿದೆ. ಲಕ್ಷ್ಮೇಶ್ವರವೂ ಗಜೇಂದ್ರಗಡವೂ ತಾಲೂಕುಗಳಾಗಿ ಎದುರಿಸುವ ಮೊದಲ ಜನಗಣತಿ ಅದು. ಹೊಸ ಕೋಷ್ಟಕಗಳು ಬಂದ ದಿನ ಹಳೆಯ ಸ್ಕ್ರಿಪ್ಟುಗಳೆಲ್ಲ ಹಳೆಯ ಎಣಿಕೆಯನ್ನೇ ಹಿಡಿದು ಅವುಗಳ ಮೇಲೆ ಬೀಳುತ್ತವೆ. ಅಷ್ಟರೊಳಗೆ ತಿದ್ದಲು ಸಮಯವಿದೆ, ತಿದ್ದಲು ಕೂರುವವರು ಬೇಕು.

ಎಲ್ಲಿಂದ ಶುರುಮಾಡಬೇಕು ಎಂದು ತಿಳಿಯದಿದ್ದರೆ ಒಂದು ಜಾಗ ಹೇಳುತ್ತೇನೆ. ದೋಷದ ಸಂದೇಶಗಳನ್ನೆಲ್ಲ ಡೆವ್-ನಲ್ ಎಂಬ ಬಾವಿಗೆ ತಳ್ಳುವ ತುಣುಕು ನಿಮ್ಮ ಸ್ಕ್ರಿಪ್ಟುಗಳಲ್ಲಿ ಎಷ್ಟು ಕಡೆ ಇದೆಯೆಂದು ಹುಡುಕಿ. ಇರುವಲ್ಲೆಲ್ಲ ಯಾರೋ ಒಮ್ಮೆ ಎಚ್ಚರಿಕೆಯನ್ನು ಕಂಡು, ಅದನ್ನು ಓದುವ ಬದಲು ಹೂತಿದ್ದಾರೆ. ಆ ತುಣುಕುಗಳನ್ನು ತೆಗೆದುಹಾಕಿ. ಕ್ರಾನ್ ತನ್ನ ಕೆಲಸಗಳು ಬರೆದದ್ದನ್ನೆಲ್ಲ ಅದರ ಒಡೆಯನ ಅಂಚೆಪೆಟ್ಟಿಗೆಗೆ ಕಳಿಸುತ್ತದೆ, ಅಂಚೆ ವ್ಯವಸ್ಥೆ ಕೂರಿಸಿದ್ದರೆ. ಇಲ್ಲದಿದ್ದರೆ ಮೊದಲು ಅದನ್ನು ಕೂರಿಸಿ. ಆಮೇಲೆ ಮೂರು ದಿನ ಸುಮ್ಮನೆ ಇದ್ದು ನಾಲ್ಕನೆಯ ದಿನ ಪೆಟ್ಟಿಗೆ ತೆರೆಯಿರಿ. ಬಂದಿರುವ ದೂರುಗಳನ್ನು ಮೇಲಿನಿಂದ ಕೆಳಗಿನವರೆಗೆ ಓದಿ, ಒಂದೊಂದರ ಎದುರೂ ಆ ಸ್ಕ್ರಿಪ್ಟು ಬರೆದವರ ಹೆಸರು ಹಾಕಿ, ಸೋಮವಾರದ ಮೀಟಿಂಗಿಗೆ ತೆಗೆದುಕೊಂಡು ಹೋಗಿ. ನಿಮ್ಮ ಹೆಸರು ಇದ್ದರೆ ಅದನ್ನೂ.